ಜಾವಾ ಜಾತ್ರೆಯಲ್ಲಿ ಎರಡು ದಿನ



ಜುಲೈ ತಿಂಗಳ ಎರಡನೇ ಭಾನುವಾರವನ್ನು ಅಭಿಮಾನಿಗಳು ಪ್ರತಿ ವರ್ಷ ಜಾವಾ-ಯೆಜ್ಡಿ ದಿನವೆಂದು ಆಚರಿಸುತ್ತಾರೆ. ಅಂದು ಬೆಂಗಳೂರು, ಮೈಸೂರುಗಳಲ್ಲಿ ಹಳೆಯ ಮೋಟಾರ್ ಸೈಕಲ್‌ಗಳ ಜಾತ್ರೆಯೇ ನೆರೆಯುತ್ತದೆ. ಅಂಥದೊಂದು ವಾರಾಂತ್ಯವನ್ನು ಈ ಗಾಡಿಗಳ ನಡುವೆ ಕಳೆದು ಬಂದ ವರದಿಗಾರನಾಗಿ ಎರಡು ಮಾತು ಹೇಳಲು ನಿಂತಿದ್ದೇನೆ. ಇವುಗಳನ್ನು ತಯಾರಿಸುತ್ತಿದ್ದ ಕಾರ್ಖಾನೆ ಮುಚ್ಚಿದ ಮೇಲೆ ಹುಟ್ಟಿದವನು ನಾನು. ಹಾಗಾಗಿ ನನ್ನದು ನೆನಪಿನ ಮಾತಲ್ಲ, ಕೇಳಿ ತಿಳಿದ ಮಾತು.

ಮೊದಲು ಹೆಸರಿನ ಕಥೆ. 1929ರಲ್ಲಿ ಚೆಕೊಸ್ಲೊವಾಕಿಯಾದ ಉದ್ಯಮಿ ಯಾನೆಚೆಕ್ ಜರ್ಮನಿಯ ವಾಂಡರರ್ ಕಂಪೆನಿಯಿಂದ ವಿನ್ಯಾಸ ಕೊಂಡು ಮೋಟಾರ್ ಸೈಕಲ್ ತಯಾರಿಕೆಗೆ ಇಳಿದ. ಇಬ್ಬರ ಹೆಸರಿನ ಮೊದಲ ಅಕ್ಷರಗಳು ಸೇರಿ ಅವರ ಬಾಯಲ್ಲಿ 'ಯಾವಾ', ನಮ್ಮ ಬಾಯಲ್ಲಿ 'ಜಾವಾ' ಆಯಿತು. ಜಾವಾ ದ್ವೀಪಕ್ಕೂ ಇದಕ್ಕೂ ನಂಟಿಲ್ಲ. ಇದನ್ನು ಮೈಸೂರಿಗೆ ತಂದದ್ದು ಐಡಿಯಲ್ ಜಾವಾ ಕಂಪೆನಿ. ಯಾದವಗಿರಿಯ ಕಾರ್ಖಾನೆಯನ್ನು 1961ರಲ್ಲಿ ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. 1973ರಿಂದ ಅದೇ ಗಾಡಿ 'ಯೆಜ್ಡಿ' ಎಂಬ ಹೆಸರಿನಲ್ಲಿ ಹೊರಬಂತು. ಇರಾನಿನ ಯಜ್ದ್ ಪಟ್ಟಣದಿಂದ ಬಂದ ಹೆಸರದು. ಕಂಪೆನಿ ಕಟ್ಟಿದವರು ಇರಾನಿ ಮನೆತನದವರು.

ಜಾತ್ರೆಗೆ ಹೊಸಬರಾಗಿ ಹೋದವರಿಗೆ ಮೊದಲು ಕಾಣುವುದು ಈ ಗಾಡಿಯ ಸೋಜಿಗಗಳು. ಇರುವುದು ಒಂದೇ ಸಿಲಿಂಡರ್, ಸೈಲೆನ್ಸರ್ ಮಾತ್ರ ಎರಡು. ಕಿಕ್ ಹೊಡೆಯುವ ಲಿವರೇ ಗೇರ್ ಲಿವರ್ ಕೂಡ: ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್, ಕೆಳಗಿಳಿಸಿದರೆ ಗೇರ್. ಎರಡು ಸ್ಟ್ರೋಕಿನ ಎಂಜಿನ್ ಆದ್ದರಿಂದ ಪೆಟ್ರೋಲಿಗೇ ಆಯಿಲ್ ಬೆರೆಸಬೇಕು. ಜಾತ್ರೆಯ ಮೈದಾನದಲ್ಲಿ ತೇಲುವ ನೀಲಿ ಹೊಗೆಯೂ ಅದರ ವಾಸನೆಯೂ ಅದರಿಂದಲೇ.

ನನ್ನ ಗಮನ ಸೆಳೆದದ್ದು ಬೇರೆ. ಫಳಫಳ ಹೊಳೆಯುತ್ತಿದ್ದ ಗಾಡಿಯೊಂದು ಎಷ್ಟು ತುಳಿದರೂ ಹತ್ತಲಿಲ್ಲ. ಮಾಲೀಕ ಯುವಕ ಬೆವರಿಳಿಸಿಕೊಂಡು ನಿಂತಿದ್ದ. ಎಪ್ಪತ್ತರ ಆಸುಪಾಸಿನ ಮೆಕ್ಯಾನಿಕ್ ಒಬ್ಬರು ಬಂದು, "ಬಿಡಪ್ಪಾ, ನಾನು ನೋಡ್ತೀನಿ" ಎಂದು ಪಕ್ಕದ ಮುಚ್ಚಳ ಬಿಚ್ಚಿದರು. ಕಿಡಿ ಹುಟ್ಟಿಸುವ ಪಾಯಿಂಟನ್ನು ಉಪ್ಪುಕಾಗದದಿಂದ ಉಜ್ಜಿ, ಅದರ ಸಂದನ್ನು ಕಣ್ಣಳತೆಯಲ್ಲೇ ಸರಿಪಡಿಸಿದರು. ಎರಡನೇ ಕಿಕ್ಕಿಗೆ ಗಾಡಿ ಸದ್ದು ಮಾಡಿತು. "ಇದನ್ನು ಯಾರಿಗಾದರೂ ಕಲಿಸಿದ್ದೀರಾ?" ಎಂದು ಕೇಳಿದೆ. "ಕಲಿಯೋಕೆ ಯಾರು ಬರ್ತಾರೆ ಸಾರ್?" ಎಂದರು.

ಆ ಪ್ರಶ್ನೆಗೆ ಉತ್ತರ ಬೇಕಿದ್ದರೆ ಕಾರ್ಖಾನೆಯ ಕೊನೆಯ ದಿನಗಳನ್ನು ನೋಡಬೇಕು. 1984-85ರ ವೇಳೆಗೆ ಜಪಾನಿ ಕಂಪೆನಿಗಳ ಸಹಯೋಗದ 100 ಸಿಸಿ ಗಾಡಿಗಳು ದೇಶದ ರಸ್ತೆಗಿಳಿದವು. ಹಗುರ ಮೈ, ಕಡಿಮೆ ಪೆಟ್ರೋಲು. ಅವುಗಳ ಮುಂದೆ 250 ಸಿಸಿಯ ಭಾರದ ಗಾಡಿ ನಿಲ್ಲಲಿಲ್ಲ. ಜೊತೆಗೆ ಹೊಗೆಯ ಮೇಲಿನ ಕಾನೂನು ಬಿಗಿಯಾಯಿತು, ಕಾರ್ಮಿಕರ ಬಿಕ್ಕಟ್ಟೂ ಸೇರಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಮತ್ತೆ ಮಾರುಕಟ್ಟೆಗೆ ಬಂದವು, ನಿಜ. ಆದರೆ ಅವು ನಾಲ್ಕು ಸ್ಟ್ರೋಕಿನ ಹೊಸ ಯಂತ್ರಗಳು, ತಯಾರಾಗುವುದು ಮಧ್ಯಪ್ರದೇಶದ ಪೀತಂಪುರದಲ್ಲಿ. ಹೆಸರು ಮರಳಿತೇ ಹೊರತು ಕೆಲಸ ಮೈಸೂರಿಗೆ ಮರಳಲಿಲ್ಲ.

ಲೆಕ್ಕ ಹಾಕಿ ನೋಡಿ. 1961ರಲ್ಲಿ ಇಪ್ಪತ್ತರ ಹರೆಯದಲ್ಲಿ ಕೆಲಸಕ್ಕೆ ಸೇರಿದವರಿಗೆ ಈಗ ಎಂಬತ್ತು ದಾಟಿದೆ. 1990ರಲ್ಲಿ ಸೇರಿದವರೂ ಐವತ್ತು ದಾಟಿದ್ದಾರೆ. ಯಾವ ಬೋಲ್ಟನ್ನು ಎಷ್ಟು ಬಿಗಿಯಬೇಕು, ಯಾವ ಸದ್ದು ಯಾವ ರೋಗದ ಲಕ್ಷಣ ಎಂಬ ತಿಳಿವಳಿಕೆ ಬಹುಪಾಲು ಇವರ ಕೈಯಲ್ಲಿ, ಕಿವಿಯಲ್ಲಿ ಇದೆ. ಬಿಡಿಭಾಗವನ್ನು ಹೊಸದಾಗಿ ಎರಕ ಹೊಯ್ಯಬಹುದು, ಬಣ್ಣ ಬಳಿಸಬಹುದು. ಈ ತಿಳಿವಳಿಕೆಯನ್ನು ಮಾತ್ರ ಅವರಿಂದಲೇ ಕೇಳಿ ಪಡೆಯಬೇಕು.

ಅರಮನೆ, ದೇವಾಲಯಗಳ ಇತಿಹಾಸ ಬರೆದಿಡುವ ನಾವು ಕಾರ್ಖಾನೆಯ ಇತಿಹಾಸವನ್ನು ಅಷ್ಟಾಗಿ ಬರೆದವರಲ್ಲ. ಮುಂದಿನ ಜುಲೈನಲ್ಲಿ ಜಾತ್ರೆಗೆ ಹೋಗುವವರಲ್ಲಿ ನನ್ನದೊಂದು ವಿನಂತಿ: ಗಾಡಿಯ ಫೋಟೊ ತೆಗೆಯಿರಿ. ಜೊತೆಗೊಂದು ನೋಟ್‌ಬುಕ್ ಒಯ್ಯಿರಿ. ಯಾದವಗಿರಿಯಲ್ಲಿ ದುಡಿದವರೋ ಹಳೆಯ ಮೆಕ್ಯಾನಿಕ್ಕೋ ಸಿಕ್ಕರೆ ಪಕ್ಕದಲ್ಲಿ ಕುಳಿತು ಅವರು ಹೇಳುವುದನ್ನು ಬರೆದುಕೊಳ್ಳಿ.