ಜ್ವರಕ್ಕೂ ನ್ಯಾಯವಾದ ಅಳತೆ ಬೇಕು

(ಶಿವಮೊಗ್ಗ ಜಿಲ್ಲೆಯ ಕಾರ್ಯಕರ್ತರ ಅಭ್ಯಾಸ ಶಿಬಿರದಲ್ಲಿ ಮಾಡಿದ ಭಾಷಣ)



ನಾನು ಕೆಲಕಾಲ ಶಾಲಾ ಮೇಷ್ಟರಾಗಿದ್ದವನು. ಒಂದು ಮಗು ಶಾಲೆಗೆ ಬಾರದಿದ್ದರೆ ಅದು ಆ ಮನೆಯ ಸುದ್ದಿ. ಒಂದೇ ಕೇರಿಯ ಆರು ಮಕ್ಕಳು ಒಂದೇ ವಾರ ಬಾರದಿದ್ದರೆ ಅದು ಊರಿನ ಸುದ್ದಿ. ಹಾಜರಿ ಪುಸ್ತಕ ಹೇಳುವುದನ್ನು ಒಂದೊಂದೇ ಮನೆ ಹೇಳಲಾರದು.

ರೋಗದ ಮೂಲ ಹುಡುಕುವ ವಿದ್ಯೆಯೂ ಇಂಥದೇ. ಯಾರಿಗೆ ಬಂತು, ಎಲ್ಲಿ ಬಂತು, ಯಾವ ತಿಂಗಳಲ್ಲಿ ಬಂತು, ಯಾರಿಗೆ ಬರಲಿಲ್ಲ? ಈ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆಯುತ್ತ ಹೋದರೆ ರೋಗದ ಬೇರು ಸಿಗುತ್ತದೆ. ಇದಕ್ಕೆ ಪರದೇಶದ ಉದಾಹರಣೆ ಬೇಡ. ನಮ್ಮ ಜಿಲ್ಲೆಯದೇ ಇದೆ.

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಸುತ್ತಲ ಹಳ್ಳಿಗಳಲ್ಲಿ ವಿಪರೀತ ಜ್ವರ, ತಲೆಸಿಡಿತ, ಮೈಕೈ ನೋವು. ಕೆಲವರಿಗೆ ಮೂಗು, ಒಸಡುಗಳಿಂದ ರಕ್ತ. ಆಫ್ರಿಕದ ಹಳದಿ ಜ್ವರ ಇಲ್ಲಿಗೂ ಬಂತೇ ಎಂಬ ಶಂಕೆ ಹುಟ್ಟಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಜ್ಞರು ಬಂದು ನೋಡಿದರೆ, ಮಂಗದಲ್ಲಿ ಸಿಕ್ಕಿದ್ದು ಅದುವರೆಗೆ ಯಾರೂ ಗುರುತಿಸದ ವೈರಸ್. ಅದಕ್ಕೆ ಆ ಕಾಡಿನ ಹೆಸರನ್ನೇ ಇಟ್ಟರು. ಜನ ಮಂಗನ ಕಾಯಿಲೆ ಎಂದರು.

ಮಂಗನ ರೋಗ ಮನುಷ್ಯನಿಗೆ ಬಂದದ್ದು ಹೇಗೆ? ರೋಗಿಯ ಆರೈಕೆ ಮಾಡಿದವರಿಗೆ ಅದು ಅಂಟುವುದಿಲ್ಲ. ಸೌದೆಗೆ, ಸೊಪ್ಪಿಗೆ, ದನದ ಹಿಂದೆ ಕಾಡಿಗೆ ಹೋದವರಿಗೆ ಬರುತ್ತದೆ. ಮಳೆಗಾಲದಲ್ಲಿ ಅಪರೂಪ, ಚಳಿಗಾಲದಿಂದ ಬೇಸಗೆ ಮುಗಿಯುವತನಕ ಅದರ ಕಾಲ. ಅದೇ ಉಣುಗಿನ ಮರಿಗಳು ತರಗೆಲೆಯಲ್ಲಿ ಹರಿದಾಡುವ ಕಾಲ. ರೋಗ ಸಾಗಿಸುವುದು ಆ ಉಣುಗು. ಮಂಗ ಸತ್ತ ಜಾಗದಲ್ಲಿ ಅದರ ಮೈಯಿಂದ ಉದುರಿದ ಉಣುಗು ಕಾದು ಕೂತಿರುತ್ತದೆ. ಬೆಳೆದ ಉಣುಗು ದನದ ರಕ್ತ ಕುಡಿದು ಸಂತತಿ ಬೆಳೆಸುತ್ತದೆ. ಕಾಡು ಕಡಿದಷ್ಟೂ ಮನುಷ್ಯ, ದನ, ಮಂಗ, ಉಣುಗು ಒಂದೆಡೆ ಕೂಡುವುದು ಹೆಚ್ಚುತ್ತದೆ. 1982-83ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಗೇರು ತೋಟಕ್ಕೆಂದು ಕಾಡು ಸವರಿದಾಗ 1,500ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ಸುಮಾರು 150 ಜನ ಸತ್ತರು.

ರೋಗಕ್ಕೆ ಬಡವ ಬಲ್ಲಿದ ಎಂಬ ಭೇದವಿಲ್ಲ ಎನ್ನುತ್ತಾರೆ. ಉಣುಗಿಗೆ ಇಲ್ಲ, ನಿಜ. ಆದರೆ ಬರಿಗಾಲಲ್ಲಿ ತರಗೆಲೆ ಗುಡಿಸುವವರು ಯಾರು? ಕಾಡಿಗೆ ಹೋಗಬೇಡಿ ಎಂದು ಫಲಕ ಹಾಕಿದರೆ ಒಲೆ ಉರಿಯುವುದಿಲ್ಲ.

1990ರಿಂದ ಕೊಡುತ್ತಿದ್ದ ಲಸಿಕೆಯ ಕಥೆಯೂ ಲೆಕ್ಕದ್ದೇ. ಚುಚ್ಚಿಸಿಕೊಂಡವರಲ್ಲಿ ಎಷ್ಟು ಮಂದಿಗೆ ಜ್ವರ ಬಂತೆಂದು ಎಣಿಸಿದ್ದರಿಂದಲೇ ಅದರ ಶಕ್ತಿ ಸಾಲದೆಂದು ತಿಳಿದದ್ದು. ತಿಳಿದ ಮೇಲೂ ವರ್ಷಗಟ್ಟಲೆ ಅದನ್ನೇ ಕೊಟ್ಟು, 2022ರಲ್ಲಿ ನಿಲ್ಲಿಸಿದರು. ಈ ನಡುವೆ, 2018ರ ಕೊನೆಯಿಂದ 2019ರವರೆಗೆ, ಸಾಗರ ತಾಲೂಕಿನ ಅರಳಗೋಡು ಸಾವುಗಳನ್ನು ಕಂಡಿತು.

ಹಾಗಾದರೆ ನಮ್ಮ ಕೆಲಸವೇನು? ಸತ್ತ ಮಂಗ ಕಂಡರೆ ಮುಟ್ಟಬೇಡಿ. ಅಂದೇ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಮನುಷ್ಯನಿಗಿಂತ ಮೊದಲು ಎಚ್ಚರಿಕೆ ಕೊಡುವುದು ಅದೇ. ಜ್ವರ ಬಂದವರ ರಕ್ತಪರೀಕ್ಷೆ ಮಾಡಿಸಿ, ಹೆಸರು ದಾಖಲಾಯಿತೇ ನೋಡಿ. ಉಣುಗು ತಡೆಯುವ ಎಣ್ಣೆ ಕಾಯಿಲೆಯ ಕಾಲಕ್ಕೆ ಮೊದಲೇ ಮನೆ ಮುಟ್ಟಬೇಕು. ಯಾವ ಊರಲ್ಲಿ ಎಷ್ಟು ಜನಕ್ಕೆ ಬಂತು, ಎಷ್ಟು ಜನ ಸತ್ತರು ಎಂಬ ಪಟ್ಟಿ ವಾರವಾರ ಪಂಚಾಯಿತಿ ಬಾಗಿಲಲ್ಲಿ ತೂಗಬೇಕು. ಮಲಗಿದವನ ಕೂಲಿಗೆ, ಸತ್ತವನ ಮನೆಗೆ ಪರಿಹಾರ ಬೇಕು. ಇದು ಭಿಕ್ಷೆಯಲ್ಲ, ಹಕ್ಕು.

1951ರಲ್ಲಿ ಕಾಗೋಡಿನ ಗೇಣಿದಾರರು ಎದ್ದು ನಿಂತಾಗ ಜಗಳ ಹೊತ್ತಿದ್ದು ಕೊಳಗದ ಅಳತೆಯಿಂದ. ಗೇಣಿ ಅಳೆಯುವ ಕೊಳಗ ದೊಡ್ಡದಾಗಿತ್ತು. ನಮ್ಮ ಹಿರಿಯರು ಆ ಅನ್ಯಾಯದ ಅಳತೆಯನ್ನು ಒಪ್ಪಲಿಲ್ಲ. ಬಡವನ ಜ್ವರವನ್ನು, ಬಡವನ ಸಾವನ್ನು ಅಳೆಯುವ ಕೊಳಗ ಚಿಕ್ಕದಾದರೆ ಅದೂ ಅನ್ಯಾಯವೇ. ಅದನ್ನೂ ನಾವು ಒಪ್ಪಬಾರದು.