ಡಿಸ್ಕಿನ ಪಡಿಯಚ್ಚು



ನಾವಿಂದು ಕಲೆತಿರುವ ಸೆಕ್ಟರ್ ಫೈವ್ ಸೇರಿದ ಸಾಲ್ಟ್ ಲೇಕ್ ಉಪನಗರವು ಹಿಂದೆ ಹೆಸರಿಗೆ ತಕ್ಕಂತೆ ಉಪ್ಪುನೀರಿನ ಜವುಗಾಗಿದ್ದಿತು. 1960ರ ದಶಕದಲ್ಲಿ ಹೂಗ್ಲಿ ನದಿಯ ಹೂಳನ್ನು ಕೊಳವೆಗಳಲ್ಲಿ ಹರಿಯಿಸಿ ತಂದು ಅದನ್ನು ತುಂಬತೊಡಗಿದರು. ಈಗ ಇಲ್ಲಿ ಎತ್ತ ನೋಡಿದರೂ ಗಣಕಯಂತ್ರದ ಕಚೇರಿಗಳು. ಆದರೆ ನೀರಿಗೆ ಈ ಊರಿನ ಹಾದಿ ಮರೆತಿಲ್ಲವೆಂಬುದನ್ನು 2020ರ ಮೇ 20ರ ಅಂಫಾನ್ ಚಂಡಮಾರುತದಲ್ಲಿಯೂ 2025ರ ಸೆಪ್ಟೆಂಬರ್ 23ರ ಮಳೆಯಲ್ಲಿಯೂ ಕಲ್ಕತ್ತೆಯವರೆಲ್ಲ ಕಂಡೆವು.

ನಮ್ಮ ಸಂಘದ ಸದಸ್ಯರ ಪಟ್ಟಿ, ಜಮಾಖರ್ಚು, ಹಳೆಯ ಸಂಚಿಕೆಗಳ ಪುಟಚಿತ್ರಗಳು ಎಲ್ಲವೂ ಇದೇ ಸೆಕ್ಟರಿನ ಒಂದು ನೆಲ ಅಂತಸ್ತಿನಲ್ಲಿರುವ ಒಂದೇ ಡಿಸ್ಕಿನಲ್ಲಿವೆ. ಕೆಲವು ಸಂಚಿಕೆಗಳ ಕಾಗದದ ಪ್ರತಿ ನಮ್ಮಲ್ಲಿ ಯಾರ ಮನೆಯಲ್ಲಿಯೂ ಉಳಿದಿಲ್ಲ.

ಕಡತಗಳನ್ನು ಪೆನ್ ಡ್ರೈವಿಗೆ ಹಾಕಿಕೊಂಡರೆ ಸಾಲದೆ, ಎಂದು ಹಿರಿಯರು ಕೇಳುತ್ತಾರೆ. ಕಡತಗಳೇನೋ ಉಳಿಯುತ್ತವೆ, ಯಂತ್ರವನ್ನು ನಡೆಯಿಸುವ ಆಪರೇಟಿಂಗ್ ಸಿಸ್ಟಂ, ಲೆಕ್ಕದ ತಂತ್ರಾಂಶ, ಅವುಗಳ ಏರ್ಪಾಡು ಉಳಿಯುವುದಿಲ್ಲ. ಇಡೀ ಡಿಸ್ಕನ್ನು ಮೊದಲ ಬೈಟಿನಿಂದ ಕೊನೆಯ ಬೈಟಿನವರೆಗೆ, ಒಳಗೇನಿದೆಯೆಂದು ವಿಚಾರಿಸದೆ, ಇದ್ದುದನ್ನು ಇದ್ದಂತೆಯೆ ಓದಿ ದೂರದ ಯಂತ್ರಕ್ಕೆ ಕಳುಹಿಸುವುದು ಬೇರೊಂದು ಕ್ರಮ. ಯುನಿಕ್ಸ್ ಮನೆತನದ ವ್ಯವಸ್ಥೆಗಳಲ್ಲಿ ಇದಕ್ಕೆ 1970ರ ದಶಕದಿಂದಲೂ 'ಡಿಡಿ' ಎಂಬ ಆಜ್ಞೆಯಿದೆ. ಬ್ಯಾಂಕಿನ ಗುಮಾಸ್ತರಾದ ನಮಗೆ ಡಿಡಿ ಎಂದೊಡನೆ ಡಿಮ್ಯಾಂಡ್ ಡ್ರಾಫ್ಟೇ ಕಣ್ಣಿಗೆ ಕಟ್ಟುತ್ತದೆ, ಅದು ಬೇರೆ ಮಾತು! ಡಿಡಿ ಓದಿದುದನ್ನು ಎಸ್‌ಎಸ್‌ಎಚ್ ಗೂಢಲಿಪಿಯಲ್ಲಿ ಜಾಲದ ಮೇಲೆ ಸಾಗಿಸುತ್ತದೆ. ಆಚೆಯ ಯಂತ್ರ ಅದನ್ನೊಂದು ಕಡತವಾಗಿ ಬರೆದಿಡುತ್ತದೆ.

ಆದರೆ ಬರವಣಿಗೆ ನಡೆಯುತ್ತಿರುವ ಡಿಸ್ಕನ್ನು ನಕಲು ಮಾಡಬಾರದು. ಒಬ್ಬರು ಲೆಡ್ಜರಿನಲ್ಲಿ ಬರೆಯುತ್ತಿರುವಾಗಲೇ ಇನ್ನೊಬ್ಬರು ಅದನ್ನು ಪ್ರತಿ ಮಾಡತೊಡಗಿದರೆ, ಒಂದು ಖಾತೆಯ ಖರ್ಚು ನಕಲಿಗೆ ಬಂದು ಇನ್ನೊಂದರ ಜಮೆ ಬಾರದೆ ತಾಳೆ ತಪ್ಪುತ್ತದಷ್ಟೆ? ಆದುದರಿಂದ ಪೆನ್ ಡ್ರೈವಿನಲ್ಲಿರುವ ಲಿನಕ್ಸಿನಿಂದ ಯಂತ್ರವನ್ನು ಎಬ್ಬಿಸಿ, ಅದರ ಸ್ವಂತ ಡಿಸ್ಕು ಸುಮ್ಮನಿರುವಾಗ ಪ್ರತಿ ತೆಗೆಯಬೇಕು.

ಕಾಲವೆಷ್ಟು ಬೇಕು? ನಮ್ಮದು 500 ಗಿಗಾಬೈಟಿನ ಡಿಸ್ಕು. 1 ಗಿಗಾಬಿಟ್ಟಿನ ಜಾಲದಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 125 ಮೆಗಾಬೈಟ್. ಎಂದರೆ 67 ನಿಮಿಷಕ್ಕೆ ಕಡಿಮೆಯಾಗದು. 100 ಮೆಗಾಬಿಟ್ಟಿನ ಸಂಪರ್ಕದಲ್ಲಿ 11 ಗಂಟೆ. ಖಾಲಿ ಜಾಗವೂ ಸಾಗುವುದರಿಂದ ಇಷ್ಟು ಹೊತ್ತು. ಪ್ರತಿವಾರವೂ ಹೀಗೆ ಕಾಯಬೇಕಾಗಿಲ್ಲ. ಬದಲಾದ ಕಡತಗಳನ್ನಷ್ಟೆ ಕಳುಹಿಸುವ 'ಆರ್‌ಸಿಂಕ್' 1996ರಿಂದ ಇದ್ದೇ ಇದೆ.

ಪಕ್ಕದ ಕೋಣೆಯ ಯಂತ್ರಕ್ಕೆ ಕಳುಹಿಸಿದರೆ ಶ್ರಮ ಕಡಿಮೆ. ನೀರು ನುಗ್ಗಿದರೆ ಎರಡೂ ಒಟ್ಟಿಗೆ ಹೋದಾವು. ಬೆಂಗಳೂರಿನ ಸದಸ್ಯರೊಬ್ಬರ ಮಹಡಿಯ ಮನೆಗೆ ಕಳುಹಿಸುವುದೇ ಲೇಸೆಂದು ನಮ್ಮ ಅಭಿಪ್ರಾಯ. ಮೂಲಕ್ಕೂ ಪ್ರತಿಗೂ ಶಾ-256 ಲೆಕ್ಕ ಹಾಕಿ, ಬರುವ 64 ಅಕ್ಷರಗಳು ತಾಳೆಯಾಗುವುವೇ ಎಂದು ನೋಡಬೇಕು. ಅಷ್ಟಕ್ಕೇ ನಾವು ತೃಪ್ತರಾಗುವುದಿಲ್ಲ. ಪ್ರತಿಯನ್ನು ಬೇರೊಂದು ಡಿಸ್ಕಿಗೆ ಇಳಿಸಿ, ಯಂತ್ರ ಅದರಿಂದ ಏಳುವುದನ್ನು ಕಣ್ಣಾರೆ ಕಾಣಬೇಕು.

ಅಧ್ಯಕ್ಷರು ಒಪ್ಪಿದರೆ ಮುಂದಿನ ಶನಿವಾರ ರಾತ್ರಿಯೇ ಕೆಲಸವನ್ನಾರಂಭಿಸುತ್ತೇವೆ. ನಮ್ಮ ಡಿಸ್ಕಿಗಿಂತ ಚಿಕ್ಕದಲ್ಲದ ಖಾಲಿ ಡಿಸ್ಕು ಸದಸ್ಯರಲ್ಲಿ ಯಾರ ಬಳಿಯಾದರೂ ಇದ್ದರೆ ಕಾರ್ಯದರ್ಶಿಗಳಿಗೆ ತಲಪಿಸಬೇಕೆಂದು ಕೋರುತ್ತೇವೆ.