ಕೊಳೆಯುವ ಟೊಮೆಟೊ, ಬತ್ತುವ ಕೊಳವೆಬಾವಿ

(ನಮ್ಮ ಬಳಗದ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಕಾಡು, ನದಿಗಳ ಉಳಿವಿಗಾಗಿ ಸೇರುವ ಈ ಸಭೆಯಲ್ಲಿ ತರಕಾರಿ ಬುಟ್ಟಿಯ ವಿಚಾರವೇಕೆ ಎಂದು ಕೆಲವರಿಗೆ ಅನ್ನಿಸಬಹುದು. ಮಳೆಗಾಲದಲ್ಲಿ ಮಲೆನಾಡಿನ ಸಂತೆಗೆ ಬರುವ ಟೊಮೆಟೊ ಬಹುಪಾಲು ಬಯಲುಸೀಮೆಯದು. ಟೊಮೆಟೊಗೆ ಹೆಸರಾದ ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಸಾವಿರ ಅಡಿಗೂ ಮೀರಿದ ಆಳದಿಂದ ನೀರೆತ್ತಿ ಬೆಳೆಯುವವರು ಅಲ್ಲಿದ್ದಾರೆ. ನಮ್ಮ ಅಡುಗೆಮನೆಯಲ್ಲಿ ಹಣ್ಣು ಕೊಳೆತರೆ ಆ ನೀರು, ರೈತನ ದುಡಿಮೆ, ಲಾರಿಯ ಡೀಸೆಲ್ ಎಲ್ಲವೂ ಅದರೊಡನೆ ತಿಪ್ಪೆ ಸೇರುತ್ತವೆ. 2023ರ ಜುಲೈನಲ್ಲಿ ಬೆಲೆ ಕಿಲೋಗೆ 100 ರೂಪಾಯಿ ದಾಟಿದಾಗ ಮನೆಮನೆಯಲ್ಲೂ ಹಣ್ಣನ್ನು ಎಣಿಸಿ ಬಳಸಿದರು. ಬೆಲೆ ಇಳಿದಾಗಲೂ ಆ ಎಚ್ಚರ ಉಳಿಯಬೇಕು.

ಗಿಡದಿಂದ ಕಿತ್ತ ಮೇಲೂ ಹಣ್ಣು ಉಸಿರಾಡುತ್ತದೆ. ಟೊಮೆಟೊ ಎಥಿಲೀನ್ ಎಂಬ ಅನಿಲವನ್ನು ಹೊರಬಿಟ್ಟು ತಾನೂ ಮಾಗುತ್ತದೆ, ಪಕ್ಕದ ಸೊಪ್ಪು, ಎಳೆಸೌತೆಗಳನ್ನೂ ಬೇಗ ಹಳದಿಯಾಗಿಸುತ್ತದೆ. ಆದ್ದರಿಂದ ಅದನ್ನು ಬೇರೆಯೇ ಇಡಬೇಕು. ಇದು ಶೀತ ಸಹಿಸದ ಬೆಳೆ. ಸುಮಾರು 10 ಡಿಗ್ರಿ ಸೆಲ್ಸಿಯಸ್‌ಗಿಂತ ತಂಪಿನಲ್ಲಿ ಬಹುದಿನವಿಟ್ಟ ಕಾಯಿ ಸರಿಯಾಗಿ ಹಣ್ಣಾಗದು. ಹಣ್ಣಿನ ಪರಿಮಳವೂ ಕುಂದುತ್ತದೆ. ಫ್ರಿಜ್ಜಿನೊಳಗೆ ಸಾಮಾನ್ಯವಾಗಿ ಇರುವುದು 4-5 ಡಿಗ್ರಿ. ಪೂರ್ತಿ ಮಾಗಿದ ಹಣ್ಣನ್ನು ಎರಡು-ಮೂರು ದಿನ ತಡೆದಿಡಲು ಮಾತ್ರ ಅದು ಯೋಗ್ಯ.

ಉಳಿದವನ್ನು ನೆರಳಿನಲ್ಲಿ, ಅಗಲವಾದ ಬುಟ್ಟಿಯಲ್ಲಿ, ಒಂದೇ ಪದರವಾಗಿ ಹರಡಿ. ತೊಟ್ಟಿನ ಭಾಗ ಕೆಳಗಿರಲಿ. ಹಣ್ಣಿನ ತೇವ ಹೆಚ್ಚಾಗಿ ಹೊರಹೋಗುವುದು ಅಲ್ಲಿಂದಲೇ. ಬಳಸುವಾಗಲಷ್ಟೇ ತೊಳೆಯಿರಿ. ಒಡೆದ ಹಣ್ಣನ್ನು ದಿನವೂ ಆರಿಸಿ ತೆಗೆಯಿರಿ. ಈರುಳ್ಳಿಗೆ ಗಾಳಿ ಬೇಕು, ಆಲೂಗಡ್ಡೆಗೆ ಕತ್ತಲೆ ಬೇಕು. ಎರಡನ್ನೂ ಒಂದೇ ಚೀಲದಲ್ಲಿ ಕಟ್ಟಿಡಬಾರದು.

ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯು 1980ರ ದಶಕದಲ್ಲಿ ವಿದ್ಯುತ್ ಬೇಡದ ತಂಪುಕೋಣೆಯೊಂದನ್ನು ರೂಪಿಸಿತು. ಎರಡು ಸಾಲು ಇಟ್ಟಿಗೆ ಗೋಡೆಗಳ ನಡುವೆ ಮರಳು ತುಂಬಿ ನೀರು ಹನಿಸಿದರೆ, ಆ ನೀರು ಆವಿಯಾಗುತ್ತ ಒಳಗನ್ನು ತಂಪಾಗಿಸುತ್ತದೆ. ಒಣಹವೆಯ ನಾಡಿಗೆ, ನಮ್ಮ ಬೇಸಗೆಗೂ, ಇದು ಒಳ್ಳೆಯ ಉಪಾಯ. ಆದರೆ ಆಷಾಢದ ತೇವಗಾಳಿಯಲ್ಲಿ ನೀರು ಆವಿಯಾಗದು. ಆಗ ನಮಗೆ ಬೇಕಾದುದು ಬೂಷ್ಟು ತಡೆಯುವ ಗಾಳಿಯಾಟ.

ಇದನ್ನರಿತೇ ಹಿರಿಯರು ಬೇಸಗೆಯಲ್ಲಿ ಬೆಳೆದ ಬಲಿತ ಸೌತೆಕಾಯಿಗಳನ್ನು ಬಾಳೆನಾರಿನಲ್ಲಿ ಕಟ್ಟಿ, ಒಂದಕ್ಕೊಂದು ತಗುಲದಂತೆ ತೂಗುಹಾಕುತ್ತಿದ್ದರು. ಅಟ್ಟದಲ್ಲಿ ಬೂದುಗುಂಬಳ, ಭರಣಿಯಲ್ಲಿ ಹಲಸಿನ ಉಪ್ಪುಸೊಳೆ, ಅಪ್ಪೆಮಿಡಿ ಇರುತ್ತಿದ್ದವು. ಮಳೆಗಾಲದ ಅಡುಗೆಗೆ ದೂರದ ಲಾರಿಯನ್ನು ಕಾಯಬೇಕಿರಲಿಲ್ಲ. ಇಂದು ಗದ್ದೆಗಳು ಅಡಿಕೆ ತೋಟಗಳಾದಂತೆ ಆ ಸೌತೆ ಬೆಳೆಯುವ ಜಾಗವೂ ಕಿರಿದಾಗಿದೆ. ಬೆಳೆಯುವುದು ನಿಂತರೆ ಬೀಜ ಹೋಗುತ್ತದೆ. ಬೀಜ ಹೋದ ಮೇಲೆ ಕಾಪಿಡುವ ವಿದ್ಯೆಯಿದ್ದೂ ಪ್ರಯೋಜನವಿಲ್ಲ.

ನನ್ನ ವಿನಂತಿ ಇಷ್ಟೆ. ಸಂತೆಯಿಂದ ವಾರಕ್ಕೆ ಬೇಕಾದಷ್ಟನ್ನೇ ತರೋಣ, ತಂದದ್ದನ್ನು ಅದರದರ ಗುಣವರಿತು ಇಡೋಣ. ಭತ್ತ ಕೊಯ್ದ ಮೇಲೆ ಗದ್ದೆಯ ಒಂದು ಮೂಲೆಯಲ್ಲಾದರೂ ಸೌತೆ ಬಿತ್ತೋಣ. ಹಳೆಯ ಬೀಜ ಉಳಿಸಿಕೊಂಡವರು ಮುಂದಿನ ಸಭೆಗೆ ತಂದು ಹಂಚಬೇಕೆಂದು ಕೋರುತ್ತೇನೆ.